ಗಂಟು ನಿಂತ ಜಾಗ

ಕಂಪ್ಯೂಟರಿಗೆ ಉತ್ತರ ಆಗಲೇ ಗೊತ್ತಿತ್ತು. ಆದರೂ ಬೊಗುಮಿವಾ
ಬೀರುವಿನ ಮೇಲಿಂದ ಹಲಗೆ ಇಳಿಸಿದಳು.
ಪೋಲೆಂಡಿನ ನಕ್ಷೆ ಅಂಟಿಸಿದ ಹಲಗೆ. ಊರಿಗೊಂದು ತೂತು,
ತೂತಿಗೊಂದು ದಾರ, ದಾರದ ತುದಿಗೆ
ಮೇಜಿನ ಕೆಳಗೆ ತೂಗುವ ಸಕ್ಕರೆ ಪೊಟ್ಟಣ:
ವಾರ್ಸಾಗೆ ಆರು, ಕ್ರಾಕೋವಿಗೆ ನಾಲ್ಕು,
ಪೊಜ್ನಾನಿಗೂ ವ್ರೊತ್ಸ್ವಾಫಿಗೂ ನಾಲ್ಕು ನಾಲ್ಕು,
ಗ್ದಾನ್ಸ್ಕಿಗೆ ಮೂರು.
ಯಾವ ಊರು ಎಷ್ಟು ಕೊಳ್ಳುತ್ತದೋ ಅಷ್ಟು ಭಾರ.
ದಾರಗಳೆಲ್ಲ ಕೂಡುವಲ್ಲಿ ಒಂದೇ ಗಂಟು.
ಕೈ ಬಿಟ್ಟಳು.

ಎತ್ತು ಏರಿಗೆ, ಕೋಣ ನೀರಿಗೆ.
ಗಂಟು ಜಾರಿತು, ತಡೆಯಿತು, ಮತ್ತೆ ಜಾರಿತು,
ಯಾರೂ ಪೂರ್ತಿ ಗೆಲ್ಲದ ಒಂದು ಕಡೆ
ಸುಮ್ಮನಾಯಿತು. ನಾನು ಪೆನ್ಸಿಲಿನಿಂದ ಗುರುತು ಹಾಕಿದೆ.

ಮಾರನೆಯ ದಿನ ಹೋಗಿ ನೋಡಿದರೆ
ಗೆದ್ದದ್ದು ಕೋಣವೇ: ಗುರುತು ಬಿದ್ದದ್ದು ಹೊಂಡದಲ್ಲಿ.
ವುಲ್ಕಾ ಗೆಂಶಾ. ಹನ್ನೊಂದು ಮನೆ, ಹೊಂಡದ ತುಂಬ ಹೆಬ್ಬಾತು.
ಒಡತಿ ಗೆನೊವೆಫಾ ರಬ್ಬರ್ ಬೂಟಿನಲ್ಲಿ ನಿಂತು
ನಕ್ಷೆಯನ್ನೂ ನಮ್ಮನ್ನೂ ನೋಡಿದಳು.
'ಏನಂದಿರಿ, ದೇಶದ ನಡುಮಧ್ಯವೆ?
ಇಲ್ಲಿ ಬಸ್ಸೇ ನಿಲ್ಲುವುದಿಲ್ಲವಲ್ಲ.'

ಮುನ್ನೂರು ಮೀಟರು ಸರಿದರೆ ಲೆಕ್ಕಕ್ಕೇನೂ ನೋವಾಗದು.
ಹೆದ್ದಾರಿಯ ಇಳಿಜಾರು ಹತ್ತಿರ, ನೆಲ ಗಟ್ಟಿ.

ಆಕೆಗೆ ಗೊತ್ತಿದ್ದ ಉಗ್ರಾಣ ತನ್ನ ನೆಲಮಾಳಿಗೆ:
ಮರಳಿನಲ್ಲಿ ಹೂತ ಬೀಟ್‌ರೂಟು, ಭರಣಿಯಲ್ಲಿ ಸೌತೆ,
ಮೂರು ವರ್ಷದ ಹಿಂದಿನ ಪ್ಲಮ್ಮು.
'ಅಷ್ಟು ದೊಡ್ಡ ಮನೆಯಲ್ಲಿ ಏನು ಕೂಡಿಡುತ್ತೀರಿ?'
ಬೊಗುಮಿವಾ ಹೇಳಿದಳು, ಕೆಲವು ಗೋದಾಮು ಹೊಟ್ಟೆ,
ಕೆಲವು ಬರಿಯ ಗಂಟಲು. ಇದು ಗಂಟಲು.
ರಾತ್ರಿ ಬಂದದ್ದು ಬೆಳಗಾಗುವುದರೊಳಗೆ ಹೊರಡಬೇಕು.
ಬಿಚ್ಚುವುದು, ಬೇರ್ಪಡಿಸುವುದು, ಬೇರೆ ಲಾರಿಗೆ ಕಟ್ಟುವುದು.
ಏನೂ ಉಳಿಯದು.
'ಏನೂ ಉಳಿಯದ್ದಕ್ಕೆ ಇಷ್ಟುದ್ದ ಗೋಡೆಯೆ!'
ಆ ಮಾತಿಗೆ ನಮ್ಮ ತಖ್ತೆಯಲ್ಲಿ ಅಂಕಣವಿರಲಿಲ್ಲ.

ಇನ್ನೊಂದಕ್ಕೂ ಇರಲಿಲ್ಲ. ಪೆಟ್ಟಿಗೆಗಳ ದಾರಿಯನ್ನೆಲ್ಲ ಅಳೆದ ನಾವು
ಎತ್ತುವ ಕೈಗಳು ಎಲ್ಲಿಂದ ಬರುತ್ತವೆ ಎಂದು ಕೇಳಿರಲಿಲ್ಲ.
ಇನ್ನೂರ ನಲವತ್ತು ಜನ, ಎರಡು ಪಾಳಿ, ಹಿಮ.
ಕಡೆಗೆ ಒಂದು ಕಂಬ ಬಂತು, ಕಂಬಕ್ಕೊಂದು ತಗಡು,
ರಾತ್ರಿ ಒಂಬತ್ತೂವರೆಗೆ ವೂಚ್ ನಗರದಿಂದ ಬಸ್ಸು.

ಅದರಿಂದ ಇಳಿದವಳು ಓಲೆಸ್ಯಾ, ಪೊಲ್ತಾವಾದವಳು.
ಮೂವತ್ತೊಂದನೆಯ ಬಾಗಿಲು ಅವಳ ಪಾಲಿಗೆ.
ಕಾಲುಚೀಲ, ಬೆಕ್ಕಿನ ಆಹಾರ, ಮೋಂಬತ್ತಿ;
ಕೈಯಲ್ಲಿನ ಯಂತ್ರ ಪ್ರತಿಯೊಂದಕ್ಕೂ ಚಿಲಿಪಿಲಿ.
ಹಾದುಹೋದ ಊರುಗಳ ಹೆಸರು ಅವಳಿಗೆ ಬಾಯಿಪಾಠ.
ಒಂದನ್ನೂ ನೋಡಿರಲಿಲ್ಲ.

ಏಳನೆಯ ವರ್ಷ ಬರ್ಲಿನ್ನಿನವರು ನಮ್ಮಲ್ಲಿ ಕೊಳ್ಳತೊಡಗಿದರು.
ಹಲಗೆಯ ಅಂಚಿಗೆ ನಾನೇ ಹೊಸ ತೂತು ಕೊರೆದೆ.
ಮರದ ಹೊಟ್ಟು ಉದುರಿತು. ಐದು ಪೊಟ್ಟಣ ಕಟ್ಟಿ ಬಿಟ್ಟರೆ
ಗಂಟು ತನ್ನಷ್ಟಕ್ಕೆ ಪಡುವಲಿಗೆ ನಡೆಯಿತು,
ನೆಲದ ಮೇಲೆ ಎಪ್ಪತ್ತು ಕಿಲೋಮೀಟರು, ಹಲಗೆಯ ಮೇಲೆ
ನನ್ನ ಹೆಬ್ಬೆರಳಿನಗಲ.
ಮೂರು ವಾರದಲ್ಲಿ ಗೋಡೆ ಮಾತ್ರ ಉಳಿಯಿತು.

ನೀರಿನ ಕೊಳವೆಯ ಕೊನೆಯ ಕಾಗದಕ್ಕೆ
ಗೆನೊವೆಫಾಳ ಸಹಿ ಬೇಕಿತ್ತು. ಬಸ್ಸಿನಲ್ಲೇ ಹೋದೆ.
ಕಂಬವನ್ನು ತೆಗೆಯಿರೆಂದು ಯಾರೂ ಬರೆದಿರಲಿಲ್ಲ.
ನನ್ನ ಜೊತೆ ಓಲೆಸ್ಯಾಳೂ ಇಳಿದಳು, ಖಾಲಿ ಭರಣಿಗಳ ಚೀಲ ಹಿಡಿದು.
ಗಂಟಿನ ಹಿಂದೆ ಹೋಗಿರಲಿಲ್ಲ ಅವಳು;
ನೆಲಮಾಳಿಗೆಯ ಸೌತೆಕಾಯಿಯನ್ನು ನಗರದ ಸಂತೆಗೆ ಒಯ್ಯುತ್ತಾಳೆ.
ಮೂವತ್ತೊಂದನೆಯ ಬಾಗಿಲಲ್ಲಿ ಹೆಬ್ಬಾತೊಂದು ಕಾವು ಕೂತಿತ್ತು.

ಸಕ್ಕರೆಯ ಕತೆ ಎಂದೋ ಹೇಳಿದ್ದೆ, ಮುದುಕಿ ಮರೆತಿರಲಿಲ್ಲ.
ಚಹಾಕ್ಕೆ ಮೂರು ಚಮಚ ಹಾಕಿದಳು. ಸಾಕೆಂದೆ.
'ಗ್ದಾನ್ಸ್ಕಿಗಷ್ಟೇ ಆಯಿತು,' ಎಂದು ಇನ್ನೊಂದು ಸುರಿದಳು.

ಹೊರಗೆ ವಾಪಸು ಬಸ್ಸು ಬಂತು. ಹತ್ತುವವರಿರಲಿಲ್ಲ.
ಬಾಗಿಲು ತೆರೆದು,
ಒಂದು ನಿಮಿಷ ನಿಂತು ಹೋಯಿತು.